ಕ್ಯಾಪ್ಟನ್ ಗಾವಡಗೆರೆಯ ಕಂಕುಳಲ್ಲಿ ಕೂಸು

ಮಗಳಿಗೂ ಧಕ್ಕೆಯಾಗಬಾರದು, ಗಂಡನ ಸಿನಿಮಾಕ್ಕೂ ಧಕ್ಕೆಯಾಗಬಾರದು ಎಂದು ಅಂದು ಬೆಳಿಗ್ಗೆ ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು! ಕೂಸು ಸೀನಿದರೂ ಗೂಗಲ್ಲನ್ನು ಅರೆದು ಕುಡಿಯುವ ತಾಯಿ! ನನ್ನ ಬುದ್ಧಿಯ ಮುಂದೆ ಯಾವ ಗ್ರಹದವರ ಬುದ್ಧಿ ನಿಂತೀತು?

ಸಿನಿಮಾ ಸಾಮಾನ್ಯದ್ದಲ್ಲ. ಅನ್ಯಗ್ರಹದವರು ಕದ್ದೊಯ್ದ ಕೂಸನ್ನು ಸೂಪರ್ ಹೀರೋ ‘ಕ್ಯಾಪ್ಟನ್ ಗಾವಡಗೆರೆ’ ಹಾರಿಬಂದು ಕಾಪಾಡುವ ವೈಜ್ಞಾನಿಕ ಮಹಾಕಾವ್ಯ! ನಿರ್ದೇಶಕ, ನನ್ನ ಗಂಡ ಯತೀಶ್. ಹೀರೋ, ಅವರ ಗೆಳೆಯ ಚೆಲುವರಾಜು. ಆಕಾಶನೌಕೆ, ನಾವು ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಕೂಸು, ನಮ್ಮ ಶಿವಾನಿ!

“ಮಗೂನ ಎತ್ಕೊಂಡು ಬ್ಯಾರನ್ ಮೇಲಿಂದ ಹಾರೋದಾ? ತಲೆ ಕೆಟ್ಟಿದೆಯೇನ್ರೀ?”

“ಪಕ್ಕದ ಮೋಟುಗೋಡೆಯಿಂದ ಕಣೇ, ಹುಲ್ಲಿನ ಮ್ಯಾಕೆ. ಅಲ್ಲಿಂದ ಕೋಳೀನೂ ಹಾರ್ತದೆ.”

“ಕೋಳಿಗೆ ರೆಕ್ಕೆ ಇದೆ!”

“ಚೆಲುವನಿಗೂ ಅದೆ, ಅವ್ವನ ಕೆಂಪು ಸೀರೆ! ನೋಡು, ಸಂಜೆಗೆ ಕ್ಯಾಮೆರಾಮನ್ ಮೂರ್ತಿ ಕ್ಯಾಮೆರಾ ತಗೊಂಡು ಹೊರಡ್ತಾರೆ. ಈ ಸೀನಿಲ್ಲದಿದ್ರೆ ಸಿನಿಮಾನೇ ಇಲ್ಲ.”

“ಆಗಲಿ” ಎಂದೆ, ಪರಮ ಪತಿವ್ರತೆಯಂತೆ.

ಒಳಗೆ ಹೋಗಿ ಶಿವಾನಿಯನ್ನು ಅತ್ತೆ ಪುಟ್ಟತಾಯಮ್ಮನವರ ಕೈಗಿತ್ತು ಹಿತ್ತಲಿಗೆ ಕಳಿಸಿದೆ. ಮೂಲೆಯಲ್ಲಿದ್ದ ಬೂದುಗುಂಬಳಕಾಯಿಗೆ ಸ್ವೆಟರ್ ತೊಡಿಸಿದೆ. ಮಂಕಿ ಕ್ಯಾಪ್ ಎಳೆದೆ. ಶಾಲು ಸುತ್ತಿ, ದೃಷ್ಟಿಬೊಟ್ಟನ್ನೂ ಇಟ್ಟೆ. ಸುಡುಬೇಸಿಗೆಯಲ್ಲೂ ನನ್ನ ಮಗಳ ಉಡುಪು ಇದೇ ಆದ್ದರಿಂದ ಯಾರೂ ಅನುಮಾನಿಸಲಿಲ್ಲ!

ಚೆಲುವರಾಜು ಮಾತ್ರ, “ಮಗಾ ಒಳ್ಳೆ ತೂಕ ಬಂದದೆ ಕಣತ್ತಿಗೆ” ಎಂದ.

“ಕಣ್ಣು ಹಾಕಬೇಡಿ!” ಎಂದು ಗದರಿದೆ.

“ಆಕ್ಷನ್!”

ಕ್ಯಾಪ್ಟನ್ ಜಿಗಿದ. ರೆಕ್ಕೆ ಗೋಡೆಯ ಮೊಳೆಗೆ ಸಿಕ್ಕಿತು. ಮಹಾವೀರ ಅಲ್ಲೇ ಜೋತಾಡಿದ. ಕಂಕುಳಲ್ಲಿದ್ದ ಕೂಸು ಜಾರಿ ನೆಲಕ್ಕೆ, ಢಬ್!

ಆಗ ನಾನು ಮುಸಿಮುಸಿ ನಗಬೇಕಿತ್ತು. ಆದರೆ ಆ ಸ್ವೆಟರ್, ಆ ಟೋಪಿ, ಆ ಬೊಟ್ಟು! ಹೆತ್ತ ಕರುಳು ಬುದ್ಧಿಯನ್ನು ಕೇಳಿಕೊಂಡು ಕೂರುತ್ತದೆಯೇ? “ಅಯ್ಯೋ ನನ್ನ ಕಂದಾ!” ಎಂದು ಕೂದಲು ಕೆದರಿಕೊಂಡು ಓಡಿ, ಕೈಗೆ ಸಿಕ್ಕ ಪೊರಕೆಯಿಂದ ಕ್ಯಾಪ್ಟನ್‌ನನ್ನು ಬಾರಿಸತೊಡಗಿದೆ.

“ಬುಡಿ ಅತ್ತಿಗೆ! ಬೀಜ ಚೆಲ್ಲವೆ ನೋಡಿ, ಅದು ಕುಂಬಳಕಾಯಿ ಕಣತ್ತಿಗೆ!”

“ನನ್ನ ಮಗಳನ್ನ ಕುಂಬಳಕಾಯಿ ಅಂತೀಯಾ?” ಇನ್ನೆರಡು ಬಿದ್ದವು.

ಗಲಾಟೆ ಕೇಳಿ ಅತ್ತೆ ಬಂದರು, ಸೊಂಟದ ಮೇಲೆ ಶಿವಾನಿ! “ಯಾಕವ್ವಾ ಇಂಗೆ ಬಡ್ಕೊತೀಯೆ? ಮಗೀನ ನನ್ ಕೈಗೆ ಕೊಟ್ಟೋಳು ನೀನೇ ಅಲ್ವಾ?” ಎಂದವರು ನೆಲ ನೋಡಿ, “ಅಯ್ಯೋ, ಮಜ್ಜಿಗೆಹುಳಿಗೆ ಮಡಗಿದ್ದ ಕಾಯಿ!” ಎಂದು ನನಗಿಂತ ಜೋರಾಗಿ ಬಡಿದುಕೊಂಡರು.

ಅಷ್ಟರಲ್ಲಿ ಮೂರ್ತಿ ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದರು.

“ಎಲ್ಲಿಗೆ ಸಾರ್?” ಯತೀಶ್ ಕಂಗಾಲಾದರು.

“ಕುಂಬಳಕಾಯಿ ಒಡೆದಾಯ್ತಲ್ಲ! ಸಿನಿಮಾದಲ್ಲಿ ಅದನ್ನ ಒಡೆಯೋದು ಶೂಟಿಂಗ್ ಮುಗಿದಾಗ. ಆಮೇಲೂ ಕ್ಯಾಮೆರಾ ಓಡಿಸಿದ್ರೆ ನಮ್ ಕಸುಬಿಗೆ ಆಗಿಬರಲ್ಲ.”

“ಇದಿನ್ನೂ ಮೊದಲನೇ ಶಾಟು ಸಾರ್!”

“ಕೊನೇದೂ ಇದೇ.”

ಯತೀಶ್ ನನ್ನೊಡನೆ ಮಾತು ಬಿಟ್ಟರು. ಇದ್ದೊಂದು ಶಾಟಿಗೇ ಹಸಿರು ಬೆಳಕು, ಸಿಡಿಲಿನ ಸದ್ದು ಸೇರಿಸಿ ಕಿರುಚಿತ್ರ ಮಾಡಿದರು. ಪೊರಕೆ ಹಿಡಿದು ಹೀರೋನನ್ನು ಬಡಿಯುವ ನಾನು ಅನ್ಯಗ್ರಹದ ರಕ್ಕಸಿಯಾದೆ! ಊರೆಲ್ಲ ಮೆಚ್ಚಿತು.

ಹೋಗಲಿ, ಮಗಳಾದರೂ ತಾಯಿಯ ಮಮತೆಯನ್ನು ಗುರುತಿಸಲಿ ಎಂದು ಶಿವಾನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಬೈಲಿನಲ್ಲಿ ಆ ಚಿತ್ರ ಹಾಕಿ ಹಿಡಿದೆ. ಪರದೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಬೆರಳನ್ನು ನೇರ ನನ್ನ ಮೂಗಿಗೇ ಚಾಚಿ, ತನ್ನ ಬಾಳಿನ ಮೊಟ್ಟಮೊದಲ ಮಾತನ್ನಾಡಿದಳು:

“ಗುಮ್ಮ!”