ಹೊಳೆಯಾಚೆಗೆ ಕೇಳಿದ ಭಾವಗೀತೆ

ಭಾವಗೀತೆ ಮೇಲೋ, ಸಿನಿಮಾ ಹಾಡು ಮೇಲೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮದುವೆಯಾದ ಹೊಸದರಲ್ಲೇ ಇತ್ಯರ್ಥವಾಗಿತ್ತು. ಭಾವಗೀತೆಯೇ ಮೇಲು. ವಾದ ಮಾಡಿದವನು ನಾನು, ತೀರ್ಪು ಕೊಟ್ಟವನೂ ನಾನು. ಎದುರು ಪಕ್ಷದ ನನ್ನ ಹೆಂಡತಿ ಸುಮಿತ್ರ ಆ ಹೊತ್ತಿನಲ್ಲಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತೀರ್ಪು ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಅದು ಕ್ಯಾಸೆಟ್ಟಿನ ಕಾಲ. ನಾನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನಂಜನಗೂಡಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ಮದುವೆಗೆ ಉಡುಗೊರೆ ಬಂದ ಒಂದು ಟೇಪ್ ರೆಕಾರ್ಡರ್. ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳಿಗೆ ಹಾಕುವಂತೆಯೇ ನನ್ನ ಭಾವಗೀತೆಯ ಕ್ಯಾಸೆಟ್ಟುಗಳಿಗೂ ನಂಬರು ಬರೆದು ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದ್ದೆ. ನಾನು ಶಿಫ್ಟಿಗೆ ಹೊರಡುವವರೆಗೆ ಟೇಪ್ ನನ್ನದು. ನಾನು ಬೀದಿಯ ತಿರುವು ದಾಟುವಷ್ಟರಲ್ಲಿ ಅದು ಸುಮಿತ್ರಳದು. ತಿರುವಿನಲ್ಲಿ ನಿಂತರೆ ಸಾಕು, ಡೋಲಕ್ಕಿನ ಏಟು ಕೇಳುತ್ತಿತ್ತು.

"ಸಿನಿಮಾ ಹಾಡಿನಲ್ಲಿ ವಾದ್ಯಗಳು ಮುಂದೆ ನುಗ್ಗುತ್ತವೆ, ಪದಗಳು ಬಸ್ಸು ತಪ್ಪಿದವರ ಹಾಗೆ ಹಿಂದೆ ಓಡಿ ಬರುತ್ತವೆ. ಭಾವಗೀತೆಯಲ್ಲಿ ಪದವೇ ಯಜಮಾನ. ಕೊಳಲು, ತಬಲಾ ಎಲ್ಲಾ ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತವೆ" ಎಂದು ನಾನು ವಿವರಿಸುತ್ತಿದ್ದೆ.

"ನಿಂತೇ ನಿದ್ದೆ ಮಾಡ್ತಿರ್ತವೆ ಕಣ್ರೀ" ಎನ್ನುತ್ತಿದ್ದಳು ಸುಮಿತ್ರ. "ಅದೂ ಅಲ್ದೆ ನಿಮ್ಮ ಹಾಡ್ನಲ್ಲಿ ಒಬ್ರಾದ್ರೂ ನೆಟ್ಟಗೆ ಮನೆಗ್ ಬಂದು ಸೇರ್ತಾರಾ? ಎಲ್ರೂ ಹೋಗ್ತಾನೇ ಇರ್ತಾರೆ. ಸೂರ್ಯ ಹೋಗ್ತಾನೆ, ಹಕ್ಕಿ ಹೋಗುತ್ತೆ, ಆ ದೋಣಿ ಅಂತೂ ದಿನಾ ಬೆಳಗ್ಗೆ ಹೋಗುತ್ತೆ."

ದೋಣಿ ಎಂದರೆ ನನ್ನ ಏಳನೇ ನಂಬರಿನ ಕ್ಯಾಸೆಟ್ಟಿನ ಮೊದಲ ಹಾಡು. ಸಂಜೆಗತ್ತಲಲ್ಲಿ ಒಂದು ದೋಣಿ ಈ ದಡ ಬಿಟ್ಟು ಆ ದಡಕ್ಕೆ ಹೊರಡುತ್ತದೆ, ಅಷ್ಟೇ. ಆದರೆ ಅದನ್ನು ಕೇಳಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಈ ವಿಷಯ ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಹೆಮ್ಮಿಗೆಯಿಂದ ಕರೆ ಬಂತು. ಹೆಮ್ಮಿಗೆ ಸುಮಿತ್ರಳ ತೌರೂರು. ಅವಳ ತಂಗಿ ಲತಾಳಿಗೆ ಚಿಕ್ಕಯ್ಯನಛತ್ರದ ಕಡೆ ಗಂಡು ಗೊತ್ತಾಗಿತ್ತು. ಸುಗ್ಗಿ ಮುಗಿದ ಮೇಲೆ ಮಾಡಬೇಕೆಂದಿದ್ದ ಮದುವೆಯನ್ನು ಮಾವನವರು ಅವಸರವಾಗಿ ಸುಗ್ಗಿಗೆ ಮೊದಲೇ ಇಟ್ಟುಕೊಂಡಿದ್ದರು. ಕಾರಣ, ಅವರ ತಾಯಿ. ಅಜ್ಜಿ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ನಾಡಿ ನೋಡಿದವರೆಲ್ಲ ತಲೆ ಅಲ್ಲಾಡಿಸಿ ಹೋಗಿದ್ದರು. ಅಜ್ಜಿ ಹೋದರೆ ಸೂತಕ, ಸೂತಕ ಬಂದರೆ ಮದುವೆ ನಿಂತಿತು, ಗಂಡಿನ ದೊಡ್ಡಪ್ಪ ಶಕುನದ ಮನುಷ್ಯನಾದ್ದರಿಂದ ನಿಂತದ್ದು ಮತ್ತೆ ನಡೆಯುವುದೂ ಅನುಮಾನ. ನಾವು ಹೋದಾಗ ಮನೆಮಂದಿಯೆಲ್ಲ ಅಜ್ಜಿಯ ಉಸಿರಾಟ ನೋಡಿಕೊಂಡೇ ಹಪ್ಪಳ ಒತ್ತುತ್ತಿದ್ದರು.

ಮಾವನವರು ನನ್ನನ್ನು ಪಕ್ಕಕ್ಕೆ ಕರೆದರು. ಹಿರಿಯ ಅಳಿಯನಾದರೂ ಅದುವರೆಗೆ ನನಗೆ ಆ ಮನೆಯಲ್ಲಿ ಊಟ ಮಾಡುವುದು ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ.

"ಅಳೀಮಯ್ಯ, ಮಿಕ್ಕಿದ್ದೆಲ್ಲಾ ನಾನ್ ನೋಡ್ಕತೀನಿ. ಮೈಕ್‌ಸೆಟ್ ಒಂದು ನೀವ್ ನೋಡ್ಕಳಿ."

ಬೇರೆಯವರಾಗಿದ್ದರೆ ಇದನ್ನು ಚಿಲ್ಲರೆ ಕೆಲಸ ಎಂದುಕೊಳ್ಳುತ್ತಿದ್ದರು. ನನಗೆ ಹಾಗನಿಸಲಿಲ್ಲ. ಗ್ರಾಮಾಂತರ ಪ್ರದೇಶದ ಸಂಗೀತಾಭಿರುಚಿಯನ್ನು ಒಂದೇ ದಿನದಲ್ಲಿ ಮೇಲೆತ್ತುವ ಐತಿಹಾಸಿಕ ಅವಕಾಶವು ನನ್ನ ಪಾಲಿಗೆ ಒದಗಿಬಂದಿದೆ ಎಂದು ತಿಳಿದು, ನಂಜನಗೂಡಿಗೆ ಹಿಂದಿರುಗಿ ಕ್ಯಾಸೆಟ್ಟುಗಳನ್ನೆಲ್ಲ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ತುಂಬಿದೆ. ಸುಮಿತ್ರ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು.

"ಬೇಡ ಕಣ್ರೀ."

"ನೀನು ನೋಡ್ತಾ ಇರು" ಎಂದೆ.

ಚಪ್ಪರದ ದಿನ ಬೆಳಗ್ಗೆ ತಿರುಮಕೂಡಲಿನಿಂದ ಮೈಕ್‌ಸೆಟ್ಟಿನ ಸಿದ್ದರಾಜು ಬಂದ. ನಲವತ್ತು ದಾಟಿದ ಅನುಭವಸ್ಥ. ತೆಂಗಿನ ಮರ ಹತ್ತಿ ಎರಡು ಹಾರ್ನ್ ಕಟ್ಟಿದ. ಒಂದು ಊರಿನ ಕಡೆಗೆ, ಒಂದು ಹೊಳೆಯ ಕಡೆಗೆ. ಹೊಳೆಯಾಚೆಯ ಊರಿನಲ್ಲಿ ಮಾವನವರ ನೆಂಟರು ಬಹಳ. ಆ ಕಡೆಗೆ ಒಳ್ಳೆಯದು ಕೆಟ್ಟದ್ದು ಎಲ್ಲವೂ ಮುಟ್ಟುತ್ತಿದ್ದುದು ಈ ಹಾರ್ನ್ ಮೂಲಕವೇ. ಮರ ಇಳಿದು ಬಂದು ಆಂಪ್ಲಿಫೈಯರ್ ಪಕ್ಕದಲ್ಲಿ ತನ್ನ ಎರಡು ಕ್ಯಾಸೆಟ್ ಪೆಟ್ಟಿಗೆಗಳನ್ನು ಇಟ್ಟ. ಕೆಂಪು ಪೆಟ್ಟಿಗೆಯಲ್ಲಿ ಮೊದಲು ಹಾಕುವ ದೇವರ ಹಾಡು, ಆಮೇಲೆ ಸಿನಿಮಾ ಹಾಡು. ಕರಿ ಪೆಟ್ಟಿಗೆಗೆ ಹಗ್ಗ ಬಿಗಿದಿದ್ದ.

"ಇದರಲ್ಲೇನಿದೆ?"

"ಅದು ಸಾವಿನ್ ಮನೆದು ಸಾ. ಭಜನೆ, ತತ್ವಪದ. ಅದ್ನ ಇಲ್ಲಿ ಬಿಚ್ಚಲ್ಲ."

ನಾನು ನನ್ನ ಏಳನೇ ನಂಬರು ಕೊಟ್ಟೆ. ಸಿದ್ದರಾಜು ಅದನ್ನು ಹಾರ್ನ್‌ಗೆ ಕೊಡದೆ ಮೊದಲು ಸಣ್ಣದಾಗಿ ಹಾಕಿ ಕೇಳಿದ. ಅವನ ಮುಖ ಬಾಡಿತು.

"ಸಾ, ಇದು ಕರಿ ಪೆಟ್ಗೆ ಕಡೇದು."

"ಇದು ಭಾವಗೀತೆ ಸಿದ್ದರಾಜು. ಪದ ಕೇಳು, ಪದ."

"ಪದ ಚೆನ್ನಾಗದೆ ಸಾ. ಆದ್ರೆ ಆರ್ನು ಪದ ಒಯ್ಯಲ್ಲ. ರಾಗ ಮಾತ್ರ ಒಯ್ತದೆ."

ಇಪ್ಪತ್ತು ವರ್ಷ ಹಾರ್ನ್ ಕಟ್ಟಿದವನ ಮಾತು ಅದು. ನಾನು ಹಾರ್ನ್ ಕಟ್ಟಿದವನಲ್ಲ, ಕಾರ್ಖಾನೆಯಲ್ಲಿ ನಟ್ಟು ಎಣಿಸುವವನು. ಆದರೂ ಮಂದಹಾಸ ಬೀರಿ, "ಹಾಕಪ್ಪಾ" ಎಂದೆ.

ಹಾಕಿದ.

ಚಪ್ಪರದ ಕೆಳಗೆ ಕುಳಿತವರಿಗೆ ಹಾಡು ಇಂಪಾಗಿಯೇ ಕೇಳುತ್ತಿತ್ತು. ಒಂದಿಬ್ಬರು ತಲೆದೂಗಿದರು ಕೂಡ. ನಾನು ಪಂಚೆ ಸರಿಮಾಡಿಕೊಂಡು ಅತ್ತಿತ್ತ ಓಡಾಡಿದೆ. ದೋಣಿ ಮುಗಿದ ಮೇಲೆ ಒಂದು ಖಾಲಿ ಉಯ್ಯಾಲೆಯ ಹಾಡು. ಆಮೇಲೆ ಎಣ್ಣೆ ಮುಗಿದ ದೀಪದ್ದು. ಕ್ಯಾಸೆಟ್ ತಿರುಗಿಸಿ ಹಾಕಿ, ಅದೂ ಮುಗಿದ ಮೇಲೆ ಮೊದಲಿಂದ ಮತ್ತೆ ದೋಣಿ. ನಾನು ಅಲ್ಲೇ ಆಂಪ್ಲಿಫೈಯರ್ ಪಕ್ಕದಲ್ಲಿ ನಿಂತು ಒಂದೊಂದು ಪದವನ್ನೂ ಸವಿಯುತ್ತಿದ್ದೆ. ಹೊಳೆಯಾಚೆಗೆ ಪದಗಳೆಲ್ಲ ಉದುರಿ ಬರೀ ಎಳೆದ ರಾಗ ಮಾತ್ರ ಮುಟ್ಟುತ್ತಿದೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಮಧ್ಯಾಹ್ನದ ಹೊತ್ತಿಗೆ ಹೊಳೆಯ ದಾರಿಯಿಂದ ಅಳುವ ಸದ್ದು ಕೇಳಿತು. ಹರಿಗೋಲಿನಿಂದ ಇಳಿದ ಏಳೆಂಟು ಜನ ಓಡೋಡಿ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಚೆಂಡುಹೂವಿನ ಹಾರ. ಮುಂದೆ ಇದ್ದವಳು ನಿಂಗಮ್ಮ, ಮಾವನವರ ಚಿಕ್ಕಪ್ಪನ ಮಗಳು. ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

"ಅಯ್ಯೋ ನನ್ನವ್ವಾ, ಒಂದ್ ದಿನ ತಡ್ಕಳಕ್ಕಾಗ್ನಿಲ್ವಾ? ಮೊಮ್ಮಗಳ ಮದ್ವೆ ನೋಡ್ದೆ ಒಂಟೋದ್ಯಲ್ಲಾ!"

ಅದೇ ಕ್ಷಣ ಊರಿನ ರಸ್ತೆಯಲ್ಲಿ ಧೂಳು ಎದ್ದಿತು. ಗಂಡಿನ ಕಡೆಯವರ ಟೆಂಪೋ. ಹೆಣ್ಣಿನ ಮನೆ ಬಾಗಿಲಲ್ಲಿ ಸಾವಿನ ಹಾರ ಹಿಡಿದು ಅಳುವವರನ್ನು ಕಂಡರೆ ಆ ದೊಡ್ಡಪ್ಪ ಟೆಂಪೋದಿಂದ ಕಾಲು ಕೆಳಗಿಡುವವನಲ್ಲ. ಬಾಗಿಲ ಸಂದಿಯಲ್ಲಿ ಲತಾಳ ಮುಖ ಕಂಡಿತು. ಅರಿಶಿನ ಹಚ್ಚಿದ ಮುಖ ಬಿಳುಚಿತ್ತು. ಆ ಹುಡುಗಿ ನನ್ನ ಕಡೆ ಒಂದು ಸಲ ನೋಡಿದಳು. ಅಷ್ಟೊಂದು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಸುಮಿತ್ರ ಒಳಗಿನಿಂದ ಓಡಿಬಂದು ಆಂಪ್ಲಿಫೈಯರ್ ಮೇಲಿನ ಟೇಪನ್ನೇ ಗಕ್ಕನೆ ನಿಲ್ಲಿಸಿದಳು. ಎರಡನೇ ಸಲ ಹೊರಟಿದ್ದ ದೋಣಿ ನಡುನೀರಿನಲ್ಲಿ ನಿಂತಿತು. ಆ ಮೌನದಲ್ಲಿ ಪಡಸಾಲೆಯ ಮಂಚದಿಂದ ಒಂದು ದನಿ ಬಂತು.

"ಯಾರವ್ವಾ ಅದು, ನಿಂಗಿನಾ? ಎಲ್ಲಿಗ್ ಒಂಟೋದೆ ನಾನು? ಇಲ್ಲೇ ಇವ್ನಿ ಕನಾ."

ನಿಂಗಮ್ಮನ ಅಳು ಅರ್ಧಕ್ಕೆ ನಿಂತಿತು. ಎರಡು ತಿಂಗಳಿಂದ ಮಗ್ಗುಲು ಬದಲಿಸಲೂ ಇಬ್ಬರು ಬೇಕಾಗಿದ್ದ ಅಜ್ಜಿ ಮೊಣಕೈ ಊರಿ ಎದ್ದು ಕೂತಿದ್ದಳು. ಅಂಗಳದಲ್ಲಿ ನಿಂತ ಹಾರಗಳನ್ನು ನೋಡಿದಳು. ರಸ್ತೆಯ ಧೂಳನ್ನು ನೋಡಿದಳು. ನನ್ನನ್ನೂ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿಹೋಯಿತು.

"ಹಾರ ನಂಗ್ ತಾನೆ ತಂದಿರೋದು? ಬಂದ್ ಆಕಿ ಮತ್ತೆ, ಬೇಗ. ನಿಂಗಿ, ಕಣ್ಣೊರುಸ್ಕೊ. ಆಗ್ದಿದ್ರೆ ಅತ್ಕಂಡೇ ಆಕು, ಸಂತೋಸ್ದ ಅಳು ಅಂತೀನಿ."

ಟೆಂಪೋ ಬಂದು ನಿಂತಾಗ ಅಜ್ಜಿ ಕುತ್ತಿಗೆ ಕಾಣದಷ್ಟು ಹಾರ ಹಾಕಿಸಿಕೊಂಡು, ದಿಂಬಿಗೆ ಒರಗಿ, ಚುನಾವಣೆ ಗೆದ್ದವಳ ಹಾಗೆ ಕೂತಿದ್ದಳು. ಗಂಡಿನ ದೊಡ್ಡಪ್ಪ ಹುಬ್ಬು ಗಂಟಿಕ್ಕಿದ.

"ಇದೇನವ್ವ, ಚಪ್ಪರದ್ ದಿನ ನಿಮಗೆ ಹಾರ?"

"ನಮ್ಮನೆ ಪದ್ಧತಿ ಕನಪ್ಪ" ಎಂದಳು ಅಜ್ಜಿ, ನಾಲಿಗೆ ತಡವರಿಸದೆ. "ಮೊದ್ಲು ಮನೆ ಇರೀಕರ್ಗೆ ಹಾರ. ಆಮೇಕೆ ಹೆಣ್ಗೆ."

ಆ ಮನೆಯಲ್ಲಿ ಅಂಥ ಪದ್ಧತಿ ಇರಲಿಲ್ಲ. ಹುಟ್ಟಿ ಐದು ನಿಮಿಷವಾಗಿತ್ತು. ದೊಡ್ಡಪ್ಪ ಒಂದು ಗಳಿಗೆ ಯೋಚಿಸಿ, "ಒಳ್ಳೆ ಪದ್ಧತಿ" ಎಂದು ತಾನೂ ಒಂದು ಹಾರ ತರಿಸಿ ಹಾಕಿದ. ಅಷ್ಟರಲ್ಲಿ ಸುಮಿತ್ರ ಕೆಂಪು ಪೆಟ್ಟಿಗೆಯಿಂದ ಒಂದು ಸಿನಿಮಾ ಹಾಡು ಹಾಕಿಸಿದ್ದಳು. ಡೋಲಕ್ ಶುರುವಾದದ್ದೇ ತಡ, ಊರಿಗೆಲ್ಲ ಜೀವ ಬಂತು. ಹೊಳೆಯಾಚೆ ಅಳಲು ತಯಾರಾಗಿ ಕಾಯುತ್ತಿದ್ದವರು ಮನೆಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರಂತೆ. ಲತಾಳ ಮದುವೆ ಮಾರನೆಯ ದಿನ ಯಾವ ಕುಂದೂ ಇಲ್ಲದೆ ನಡೆಯಿತು.

ಚಪ್ಪರದ ರಾತ್ರಿ ಮಾವನವರು ನನ್ನನ್ನು ಬೈಯಲಿಲ್ಲ. "ಅಳೀಮಯ್ಯ, ನಾಳಿಕೆ ನೀವು ಎಲೆ ಎತ್ತಿ" ಎಂದರು. ಎತ್ತಿದೆ.

ಧಾರೆ ಮುಗಿದು ಜನ ಕರಗಿದ ಮೇಲೆ ಅಜ್ಜಿ ನನ್ನನ್ನು ಕರೆಸಿದಳು. ಕಾಲಿಗೆ ಬೀಳುವುದೋ, ಕ್ಷಮೆ ಕೇಳುವುದೋ ತಿಳಿಯದೆ ಮಂಚದ ಪಕ್ಕ ನಿಂತೆ.

"ಮೊಗಾ, ಆ ದೋಣಿ ಎತ್ಲಾಗೋಯ್ತು? ಇವ್ಳು ಅರ್ಧಕ್ಕೇ ನಿಲ್ಲುಸ್ಬುಟ್ಳು."

"ಆಚೆ ದಡಕ್ಕೆ ಹೋಯ್ತು ಅಜ್ಜಿ."

"ಸಣ್ಣಕ್ ಆಕು, ಕೇಳನ."

ಟೇಪನ್ನು ಮಂಚದ ಮೇಲೆ ಅವಳ ದಿಂಬಿನ ಪಕ್ಕ ಇಟ್ಟು ಹಾಕಿದೆ. ಅಜ್ಜಿ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಅವಳು ನನ್ನ ಕೈ ಹಿಡಿದುಕೊಂಡಳು. ಒಣಗಿದ, ಬೆಚ್ಚಗಿನ ಕೈ.

"ಚೆಂದಾಗದೆ ಕನಪ್ಪ. ಆದ್ರೆ ಇದು ಅತ್ರ ಕೂತೋರ್ಗೆ ಆಡೋ ಹಾಡು. ಸುಮಿದು ದೂರ ಇರೋರ್ನ ಕರಿಯೋ ಹಾಡು. ನೀನು ಇದ್ನ ತಕ್ಕೊಂಡೋಗಿ ಮರದ್ ಮ್ಯಾಲೆ ಕಟ್ದೆ."

ನಾನು ವರ್ಷಗಟ್ಟಲೆ ನಡೆಸಿದ ವಾದವನ್ನು ಅಜ್ಜಿ ಕೂತಲ್ಲೇ ಮುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಸುಮಿತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನ್ನ ಹಾಡೂ ಒಂದು ಕೇಳಜ್ಜಿ" ಎಂದು ಜಗಳಕ್ಕೆ ಬಂದಳು.

ವಿಚಿತ್ರವೆಂದರೆ, ಅಂದು ಎದ್ದು ಕೂತ ಅಜ್ಜಿ ಮತ್ತೆ ಎಂಟು ವರ್ಷ ಮಲಗಲಿಲ್ಲ. ಅಷ್ಟು ಹಾರ ಬಿದ್ದ ಮೇಲೆ ಅವಳಿಗೆ ಹುರುಪು ಬಂದಿತ್ತು. ಆ ಮನೆಯಲ್ಲಿ ಆಮೇಲೆ ನಡೆದ ಒಂದೊಂದು ಮದುವೆಯಲ್ಲೂ ಮೊದಲು ಅಜ್ಜಿಗೆ ಹಾರ. ಜೊತೆಗೆ ಅವಳ ಹಟಕ್ಕೆ, ಹಾರ್ನ್‌ನಲ್ಲಿ ಒಂದು ಸಲ ದೋಣಿ ಹಾಡು. ಆಮೇಲೆ ಸಿನಿಮಾ ಹಾಡು. ಹೊಳೆಯಾಚೆಯವರಿಗೂ ಅಭ್ಯಾಸವಾಯಿತು. ದೋಣಿ ಕೇಳಿದರೆ ಸಾಕು, ಅವರು ಹೂವು ಕಟ್ಟಲು ಕೂರುತ್ತಿದ್ದರು.

ಒಂದು ದಿನ ಬೆಳಗ್ಗೆ ಅಜ್ಜಿ ನಿಜವಾಗಿಯೂ ಹೋದಳು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವಳು ಏಳಲಿಲ್ಲ. ನಾವು ನಂಜನಗೂಡಿನಿಂದ ಓಡಿದೆವು. ಸಿದ್ದರಾಜು ಹಾರ್ನ್ ಕಟ್ಟಿ, ಕರಿ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದ. ನನಗೆ ಮನಸ್ಸು ತಡೆಯಲಿಲ್ಲ. ಅವಳು ಕೈ ಹಿಡಿದುಕೊಂಡು ಕೇಳಿದ ಹಾಡು. ಏಳನೇ ನಂಬರು ತೆಗೆದು ಕೊಟ್ಟೆ. ಸಿದ್ದರಾಜು ಒಂದು ಸಲ ಕರಿ ಪೆಟ್ಟಿಗೆ ನೋಡಿ, ಒಂದು ಸಲ ನನ್ನ ಮುಖ ನೋಡಿ, ಹಾಕಿದ.

ಊರಿನವರು ಬಂದರು. ತಿರುಮಕೂಡಲಿನವರು ಬಂದರು. ಹೊಳೆಯಾಚೆಯಿಂದ ಮಾತ್ರ ಎಷ್ಟು ಹೊತ್ತಾದರೂ ಒಬ್ಬರೂ ಬರಲಿಲ್ಲ. ಹಾಡು ಕೇಳಲಿಲ್ಲವೇನೋ ಎಂದು ನಾನು ವಾಲ್ಯೂಮ್ ಇನ್ನಷ್ಟು ಏರಿಸಿದೆ.

ಕೊನೆಗೆ ಬಂದರು. ಮುಂದೆ ನಿಂಗಮ್ಮ. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಒಂದು ಕೈಯಲ್ಲಿ ಮುಯ್ಯಿಯ ಕವರು, ಇನ್ನೊಂದು ಕೈಯಲ್ಲಿ ಅಜ್ಜಿಗೆಂದು ಕಟ್ಟಿದ ದೊಡ್ಡ ಹಾರ. "ಯಾರ್ ಮದ್ವೆ ಇದು? ನಮ್ಗೊಂದ್ ಲಗ್ನಪತ್ರಿಕೆನೂ ಕೊಡ್ನಿಲ್ಲ" ಎಂದು ನಗುತ್ತಾ ಬಂದವಳು ಅಂಗಳದಲ್ಲೇ ನಿಂತಳು. ಪಡಸಾಲೆ ನೋಡಿದಳು. ಆ ನಗು ಅವಳ ಮುಖದಿಂದ ಇಳಿದುಹೋದದ್ದನ್ನು ನಾನು ಮರೆಯಲಾರೆ. ನಿಧಾನವಾಗಿ ಹೋಗಿ, ಮದುವೆಗೆಂದು ಕಟ್ಟಿದ ಹಾರವನ್ನು ಅಜ್ಜಿಯ ಕೊರಳಿಗೆ ಹಾಕಿದಳು. ಹಾಕಿ, ಅವಳ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ.

ಎಲ್ಲ ಮುಗಿದ ಮೇಲೆ ಸಿದ್ದರಾಜು ವೈರು ಸುತ್ತುತ್ತಾ ನನ್ನ ಹತ್ತಿರ ಬಂದ.

"ಸಾ, ಬ್ಯಾಸ್ರ ಮಾಡ್ಕಬ್ಯಾಡಿ. ನೀವು ಮದ್ವೇಲಿ ಆಕುದ್ರೆ ಸಾವು ಅಂತರೆ, ಸಾವ್ನಲ್ಲಿ ಆಕುದ್ರೆ ಮದ್ವೆ ಅಂತರೆ. ನೀವು ಹಾಡ್ ಕೇಳಿ ಸಾ. ಆಕಕ್ ಓಗ್ಬ್ಯಾಡಿ."

ಅಂದಿನಿಂದ ನಾನು ಕೇಳುತ್ತೇನೆ. ನಮ್ಮ ಮನೆಯಲ್ಲಿ ಹಾಡು ಹಾಕುವವಳು ಸುಮಿತ್ರ. ಡೋಲಕ್ಕಿನ ನಡುವೆ ಯಾವಾಗಲಾದರೊಮ್ಮೆ, ನಾನು ಹಾಕು ಎನ್ನದಿದ್ದರೂ, ಸಣ್ಣದಾಗಿ ಏಳನೇ ನಂಬರು ಹಾಕುತ್ತಾಳೆ. ಅದೂ ಕಿಟಕಿ ಮುಚ್ಚಿ. ಪಕ್ಕದ ಮನೆಯವರು ಹಾರ ತಂದುಬಿಟ್ಟರೆ ಹಾಕುವುದು ಯಾರಿಗೆ? ಈಗ ಈ ಮನೆಗೆ ಹಿರಿಯ ನಾನೇ.