ಹಿಂದಿನ ಸೀಟಿನ ಎಡಗಡೆಯವರು

ದೆವ್ವವನ್ನು ನಂಬದವರಲ್ಲಿ ಎರಡು ಬಗೆ. ಎಲ್ಲ ಹೊತ್ತಿನಲ್ಲೂ ನಂಬದವರು ಒಂದು ಬಗೆ. ಪಕ್ಕದಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ನಂಬದವರು ಇನ್ನೊಂದು ಬಗೆ. ನಾನು ಮೊದಲನೆಯ ಗುಂಪಿನವಳೆಂದೇ ಬಹುಕಾಲ ತಿಳಿದುಕೊಂಡಿದ್ದೆ. ಹೇಳಿ ಕೇಳಿ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎಲ್ಲಕ್ಕೂ ಒಂದು ಕಾರಣ ಇರುತ್ತದೆ ಎಂದು ಮೇಜು ಕುಟ್ಟಿ ಹೇಳುವುದೇ ನನ್ನ ಹೊಟ್ಟೆಪಾಡು. ಹಳೆಯ ಮನೆಯಲ್ಲಿ, ಪಾಳುಬಾವಿಯಲ್ಲಿ ಏನೋ ಇದೆ ಎಂದರೆ ಹೋಗಲಿ, ಅಲ್ಲಿ ಯಾರೋ ಬಾಳಿ ಹೋಗಿದ್ದಾರೆ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು. ಆದರೆ ನನ್ನ ಬೆನ್ನುಹುರಿಯಲ್ಲಿ ತಣ್ಣೀರು ಇಳಿಸಿದ್ದು ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚದ, ಹೊಚ್ಚ ಹೊಸ ಕಾರು. ಅದೂ ಮಟಮಟ ಮಧ್ಯಾಹ್ನ, ಹುಬ್ಬಳ್ಳಿಯ ಮೈದಾನದ ಆಟೋ ಶೋದಲ್ಲಿ, ಸಾವಿರಾರು ಜನರ ನಡುವೆ.

ಈ ಕಾರು ನೋಡುವ ಚಟವನ್ನು ನಮ್ಮ ಮನೆಗೆ ತಂದವರು ಮಾವನವರು. ಅಮರಗೋಳದ ಮಾರುಕಟ್ಟೆಯಲ್ಲಿ ಅವರದು ಅರಳೆ ವ್ಯಾಪಾರ. ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲೇ ಹೊಸ ಕಾರು ಬರಲಿ, ಮೈದಾನದಲ್ಲಿ ಪೆಂಡಾಲು ಹಾಕಿರಲಿ, ಗೋಕುಲ ರೋಡಿನ ಶೋರೂಮಿನ ಮುಂದೆ ಬಲೂನು ಕಟ್ಟಿರಲಿ, ಬೆಂಗೇರಿಯ ನಮ್ಮ ಮನೆಯಿಂದ ಇಡೀ ಸಂಸಾರ ಹೊರಡಲೇಬೇಕು. ಮಾವನವರು ಹಣೆ ತುಂಬ ವಿಭೂತಿ ಧರಿಸಿ, ಇಸ್ತ್ರಿಯ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು, ಕನ್ಯೆ ನೋಡಲು ಹೋಗುವ ಗಾಂಭೀರ್ಯದಲ್ಲಿ ಮುಂದೆ ನಡೆಯುತ್ತಿದ್ದರು. ಅರಳೆ ಕೊಳ್ಳುವವರು ಅಂಡಿಗೆ ಎನ್ನುವ ದೊಡ್ಡ ಮೂಟೆಯ ಮೇಲುಮೇಲಿನದನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ, ನಟ್ಟನಡುವಿನಿಂದ ಒಂದು ಹಿಡಿ ಕಿತ್ತು, ಎಳೆ ಹಿಂಜಿ ನೋಡುತ್ತಾರೆ. ಮಾವನವರು ಕಾರನ್ನೂ ಹಾಗೆಯೇ ನೋಡುತ್ತಿದ್ದರು. ಬಣ್ಣ, ದೀಪ, ಗಾಜು ಯಾವುದರ ಗೊಡವೆಯೂ ಇಲ್ಲ. ಹಿಂದಿನ ಬಾಗಿಲು ತೆಗೆದು ಸೀಟಿನ ಸಂದಿಯಲ್ಲಿ ಮೊಣಕೈವರೆಗೆ ಕೈ ಇಳಿಸುತ್ತಿದ್ದರು. "ಮ್ಯಾಲಿಂದು ಎಲ್ಲಾರೂ ಛಲೋನ ಇಡ್ತಾರ. ಒಳಗ ಏನೈತಿ ನೋಡಬೇಕು," ಎನ್ನುತ್ತಿದ್ದರು. ಟೈ ಕಟ್ಟಿದ ಸೇಲ್ಸ್‌ಮನ್ನುಗಳು ಕಕ್ಕಾಬಿಕ್ಕಿಯಾಗಿ ನಿಂತಿರುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಹಿಂದಿನ ಸೀಟಿನ ಎಡಗಡೆ ಕುಳಿತು, ಕಣ್ಣು ಮುಚ್ಚಿ, ಪೂಜೆಗೆ ಕುಳಿತವರಂತೆ ಸುಮ್ಮನಾಗುತ್ತಿದ್ದರು. ಕಣ್ಣು ತೆರೆದ ಮೇಲೆ ತೀರ್ಪು ಒಂದೇ: "ಛಲೋ ಐತಿ. ಮುಂದಿನ ವರ್ಸ ಇದಕ್ಕಿಂತ ಛಲೋದು ಬರ್ತತಿ." ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಬರುತ್ತಲೂ ಇತ್ತು, ಅದರ ಮುಂದಿನ ವರ್ಷ ಅದಕ್ಕಿಂತ ಒಳ್ಳೆಯದು. ಹೀಗಾಗಿ ನಾವು ಯಾವುದನ್ನೂ ಕೊಳ್ಳಲೇ ಇಲ್ಲ.

ನಿಂತ ಕಾರಿನಲ್ಲೂ ನಮ್ಮ ಮನೆಯವರ ಜಾಗಗಳು ಗೊತ್ತುಪಡಿಸಿದವು. ಮಾವನವರು ಹಿಂದೆ ಎಡಕ್ಕೆ, ಅತ್ತೆ ಹಿಂದೆ ಬಲಕ್ಕೆ, ನಮ್ಮವರು ಸ್ಟಿಯರಿಂಗ್ ಹಿಡಿದು, ಅವರ ಪಕ್ಕದಲ್ಲಿ ಎಲ್ಲರ ಚೀಲ, ನೀರಿನ ಬಾಟ್ಲಿ ಹೊತ್ತು ನಾನು. ಸ್ಟಿಯರಿಂಗಿನ ಹಿಂದೆ ಕೂರಬೇಕೆಂಬ ಆಸೆ ನನಗೆ ಇರಲಿಲ್ಲವೆಂದಲ್ಲ. ಸುಳ್ಳದ ಬಸ್ಸಿನಲ್ಲಿ ಒಂಟಿಕಾಲಿನ ತಪಸ್ಸು ಮಾಡಿ ಮಾಡಿ ಸಾಕಾಗಿ ಡ್ರೈವಿಂಗ್ ಕಲಿತು ಲೈಸನ್ಸೂ ತೆಗೆದುಕೊಂಡಿದ್ದೆ. ಅದನ್ನು ಮಾವನವರ ಕೈಗೆ ಕೊಟ್ಟು ನಮಸ್ಕಾರ ಮಾಡಿದಾಗ ಅವರು ಎರಡೂ ಬದಿ ತಿರುವಿ ನೋಡಿ, "ಛಲೋ ಆತವಾ. ಇರ್ಲಿ. ಮನ್ಯಾಗ ಇರ್ಲಿ," ಎಂದರು. ಅಂದಿನಿಂದ ಅದು ತಿಜೋರಿಯಲ್ಲಿ, ನನ್ನ ಒಡವೆಯ ಡಬ್ಬಿಯ ಪಕ್ಕದಲ್ಲಿ ಸುಖವಾಗಿತ್ತು. ಮಾವನ ಮುಂದೆ ಎದುರಾಡುವ ಸೊಸೆ ನಾನಲ್ಲ. ಎದುರಾಡುವುದಿರಲಿ, ತಲೆಯ ಮೇಲೆ ಸೆರಗಿಲ್ಲದೆ ಅವರ ಮುಂದೆ ಹಾದವಳೂ ಅಲ್ಲ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಹೇಳಿದ ಅತಿ ದೊಡ್ಡ ಮಾತು "ಊಟಕ್ಕ ಏಳ್ರಿ" ಎನ್ನುವುದು.

ಎರಡು ವರ್ಷದ ಹಿಂದೆ ಮಾವನವರು ಲಿಂಗೈಕ್ಯರಾದರು. ವರ್ಷದ ಕಾರ್ಯ ಮುಗಿಯುವವರೆಗೆ ಹೊಸದೇನನ್ನೂ ಮನೆಗೆ ತರಲಿಲ್ಲ. ಅದೂ ಮುಗಿದ ಮೇಲೆ ಒಂದು ದಿನ ನಮ್ಮವರು ತಾವಾಗಿಯೇ, "ಈ ಸಲದ ಶೋದಾಗ ಸಣ್ಣದೊಂದು ಗಾಡಿ ತಗೊಂಡ ಬಿಡೂಣು. ನೀನ ಹೊಡಕೊಂಡು ಸಾಲಿಗೆ ಹೋಗು," ಎಂದರು. ಅವರು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಯಂತ್ರದ ಬಿಡಿಭಾಗ ಅಳೆಯುವ ಎಂಜಿನಿಯರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಪ್ಪದ ಮನುಷ್ಯ. ಅಂಥವರು ಒಪ್ಪಿದ್ದು ನನಗೆ ಹಬ್ಬವಾಯಿತು. ತಿಜೋರಿಯಿಂದ ಲೈಸನ್ಸು ತೆಗೆದು ಸೆರಗಿನಿಂದ ಒರೆಸಿ ಪರ್ಸಿನಲ್ಲಿಟ್ಟುಕೊಂಡೆ.

ಶೋದ ದಿನ ಬಿಸಿಲು ಕಾದ ಹಂಚಿನಂತಿತ್ತು. ಪೆಂಡಾಲಿನ ಬಟ್ಟೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಮೈಕಿನಲ್ಲಿ ಯಾರೋ ಒಂದೇ ಸಮನೆ ಕೂಗುತ್ತಿದ್ದ. ನನ್ನ ಮನಸ್ಸು ಹೋದದ್ದು ಒಂದು ಪುಟ್ಟ ನೀಲಿ ಕಾರಿನ ಮೇಲೆ. ಮೊಟ್ಟಮೊದಲ ಬಾರಿಗೆ ಸ್ಟಿಯರಿಂಗಿನ ಹಿಂದೆ ನಾನು ಕುಳಿತೆ. ನಮ್ಮವರು ಪಕ್ಕಕ್ಕೆ ಬಂದರು. ಅತ್ತೆ ರೂಢಿಯಂತೆ ಹಿಂದೆ ಬಲಕ್ಕೆ ಕುಳಿತರು. ಸೇಲ್ಸ್‌ಮನ್ ನಮ್ಮ ಮೂವರಿಗೂ ಬೆಲ್ಟ್ ಹಾಕಿಸಿ, ನನ್ನ ಕಿಟಕಿಯೊಳಗೆ ಬಗ್ಗಿ ಗುಂಡಿ ಒತ್ತಿದ. ಪರದೆ ಬೆಳಗಿತು. ಮರುಕ್ಷಣವೇ ಟೀಂವ್, ಟೀಂವ್, ಟೀಂವ್ ಎಂದು ಹೊಡೆದುಕೊಳ್ಳಲು ಶುರುವಾಯಿತು. ಪರದೆಯ ಮೇಲೆ ಸೀಟುಗಳ ಚಿತ್ರ. ಅದರಲ್ಲಿ ಒಂದು ಮಾತ್ರ ಕೆಂಪಗೆ ಮಿಣುಕುತ್ತಿತ್ತು.

"ಹಿಂದ ಎಡಕ್ಕ ಕುಂತ ಸರ್ ಬೆಲ್ಟ್ ಹಾಕ್ಕೋಬೇಕ್ರಿ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

"ಯಾವ ಸರ್?" ಎಂದೆ.

ಅವನು ಹಿಂದಕ್ಕೆ ಇಣುಕಿದ. ನಾವೂ ತಿರುಗಿದೆವು. ಎಡಗಡೆ ಸೀಟು ಖಾಲಿ. ಅದರ ಮೇಲೆ ನನ್ನ ಚೀಲವಿಲ್ಲ, ಬಾಟ್ಲಿಯಿಲ್ಲ, ಏನೂ ಇಲ್ಲ. ಅತ್ತೆ ಮಾತ್ರ ಬಾಗಿಲಿಗೆ ಅಂಟಿಕೊಂಡು, ಸೀರೆಯ ನೆರಿಗೆ ತಮ್ಮ ಕಡೆಗೆ ಎಳೆದುಕೊಂಡು, ಇನ್ನೊಬ್ಬರಿಗೆ ಜಾಗ ಬಿಟ್ಟವರಂತೆ ಕುಳಿತಿದ್ದರು. ಸೇಲ್ಸ್‌ಮನ್ ನಕ್ಕ. "ಸೆನ್ಸರ್ ರಿ ಮೇಡಂ. ಹೊಸಾ ಗಾಡಿ, ಬಿಸಲಿಗೆ ಹಿಂಗ ಮಾಡ್ತಾವ," ಎಂದು ಹಿಂದಿನ ಬಾಗಿಲು ತೆಗೆದು ಸೀಟನ್ನು ಅಂಗೈಯಿಂದ ತಟ್ಟಿದ. ತಟ್ಟಿದವನು ಕೈ ಹಿಂದೆ ತೆಗೆದು, "ಯಾರೋ ಈಗ ಎದ್ದು ಹೋದಂಗ ಬೆಚ್ಚಗೈತಿ ನೋಡ್ರಿ," ಎಂದ. ಅವನ ನಗು ಅರ್ಧಕ್ಕೆ ನಿಂತಿತ್ತು.

ನಾನು ವಿಜ್ಞಾನದವಳಲ್ಲವೇ, ಪ್ರಯೋಗಕ್ಕೆ ಇಳಿದೆ. ಬೇರೆ ಕಂಪನಿಯ ಕಾರಿಗೆ ಹೋದೆವು. ನಮ್ಮವರನ್ನು ಸ್ಟಿಯರಿಂಗಿಗೆ ಕೂರಿಸಿದೆ. ಸದ್ದಿಲ್ಲ. ಅವರನ್ನು ಇಳಿಸಿ ನಾನು ಕುಳಿತೆ. ಟೀಂವ್, ಟೀಂವ್. ನಾನಿಳಿದೆ, ನಿಂತಿತು. ಹತ್ತಿದೆ, ಶುರುವಾಯಿತು. ಮೂರನೆಯ ಕಂಪನಿಯದು ಕರೆಂಟಿನ ಕಾರು. ಎಂಜಿನ್ನಿನ ಸದ್ದೇ ಇಲ್ಲದ್ದರಿಂದ ಆ ಟೀಂವ್ ಇನ್ನಷ್ಟು ಹತ್ತಿರದಿಂದ, ನನ್ನ ಎಡ ಹೆಗಲಿನ ಹಿಂದಿನಿಂದಲೇ ಬಂದಂತಾಯಿತು. ಒಂದೇ ಅಂಶ ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಇಟ್ಟರೆ ಕಾರಣ ತಾನಾಗಿ ಗೊತ್ತಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬರೆಸಿದ್ದೇನೋ. ಕಾರಣ ಗೊತ್ತಾಯಿತು. ಕಾರಣ ನಾನೇ.

ನಮ್ಮವರ ಮುಖ ಬಿಳಿಚಿತ್ತು. ಸ್ವಲ್ಪ ಹೊತ್ತು ಪೆಂಡಾಲಿನ ಕಂಬಕ್ಕೆ ಒರಗಿ ನಿಂತರು. ಆಮೇಲೆ ಕಣ್ಣು ಅರೆಮುಚ್ಚಿ, "ಛಲೋ ಅದಾವು. ಮುಂದಿನ ವರ್ಸ ನೋಡೂಣು. ಇದಕ್ಕಿಂತ ಛಲೋದು ಬರ್ತತಿ," ಎಂದರು. ಆ ದನಿ ಅವರದಾಗಿರಲಿಲ್ಲ. ಆ 'ವರ್ಸ' ಎಂಬ ಮಾತನ್ನು ಗಂಟಲಿನ ತಳದಲ್ಲಿ ಎಳೆಯುವ ರೀತಿ ನಮ್ಮ ಮನೆಯಲ್ಲಿ ಒಬ್ಬರಿಗೇ ಇತ್ತು. ಹೆದರಿಕೆಯ ಬೆನ್ನಿಗೇ ಸಿಟ್ಟೂ ಬಂತು. ಬದುಕಿದ್ದಾಗ ಲೈಸನ್ಸನ್ನು ತಿಜೋರಿಯಲ್ಲಿ ಇಡಿಸಿದವರು, ಈಗ ಮಗನ ಬಾಯಿಂದ ಕಾರನ್ನೂ ತಪ್ಪಿಸುತ್ತಿದ್ದಾರಲ್ಲ! ಇನ್ನೆಷ್ಟು ಮುಂದಿನ ವರ್ಷಗಳನ್ನು ಆ ಬಸ್ಸಿನಲ್ಲಿ ಜೋತುಬಿದ್ದು ಕಳೆಯಬೇಕು?

ನಮ್ಮವರು ತಲೆ ಸುತ್ತುತ್ತಿದೆ ಎಂದು ಕಬ್ಬಿನ ಹಾಲು ಕುಡಿಯಲು ಹೋದರು. ನಾನು ಅತ್ತೆಯ ಕೈ ಹಿಡಿದು ಮತ್ತೆ ಆ ನೀಲಿ ಕಾರಿನ ಹತ್ತಿರ ಬಂದೆ. "ಅತ್ತ್ಯಾರ, ಇವ್ರು ಹೇಳಿದ್ದು ಖರೇನೇನ್ರಿ? ಮಾವಾರ್ಗೆ ಮನಸಿಲ್ಲೇನ್ರಿ?" ಎಂದು ಕೇಳಿದೆ. ಅತ್ತೆ ಬಾಗಿಲು ತೆಗೆಯುತ್ತ, "ಮನಸಿಲ್ಲದಿದ್ರ ಮನ್ಯಾಗ ಇರ್ತಿದ್ರವಾ, ಇಲ್ಲೀತನಕಾ ಯಾಕ ಬರ್ತಿದ್ರು," ಎಂದರು. ಸಂತೆಗೆ ಹೋದ ಗಂಡನ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿ, ತಮ್ಮ ಜಾಗದಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ನಾನೂ ಸ್ಟಿಯರಿಂಗಿಗೆ ಕುಳಿತು ಹಾಕಿಕೊಂಡೆ.

ಬಾಗಿಲುಗಳು ಮುಚ್ಚಿಕೊಂಡವು. ಮೈಕು, ಜನ, ಗಾಳಿ ಎಲ್ಲ ಹೊರಗುಳಿದವು. ಹೊಸ ಕಾರಿನೊಳಗಿನ ಮೌನ ನಿಮಗೆ ಗೊತ್ತಿರಬಹುದು. ನಮ್ಮ ಉಸಿರು ನಮಗೇ ದೊಡ್ಡದಾಗಿ ಕೇಳುತ್ತದೆ. ಅಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಉಸಿರುಗಳಿದ್ದಂತೆ ಅನಿಸಿತು. ಗುಂಡಿ ಒತ್ತಿದೆ. ಟೀಂವ್, ಟೀಂವ್. ಕನ್ನಡಿಯಲ್ಲಿ ನೋಡಿದೆ. ಎಡಗಡೆ ಸೀಟಿನ ಪ್ಲಾಸ್ಟಿಕ್ಕು ನಡುವಿನಲ್ಲಿ ತಗ್ಗಾಗಿ, ಸುತ್ತ ನಿರಿಗೆಗಟ್ಟಿತ್ತು. ನಾನು ನೋಡುತ್ತಿದ್ದಂತೆಯೇ ಆ ನಿರಿಗೆ ಮೆಲ್ಲಗೆ ಸರಿಯಿತು, ಕುಳಿತವರು ಸ್ವಲ್ಪ ಮೈ ಸರಿಮಾಡಿಕೊಂಡಾಗ ಸರಿಯುವ ಹಾಗೆ. ನನಗೆ ತಿಳಿಯದಂತೆಯೇ ನನ್ನ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಆಗ ನನಗೊಂದು ಹೊಳೆಯಿತು. ಈ ಗಾಡಿಗೆ ಸೊಸೆ ಯಾರು, ಮಾವ ಯಾರು ಗೊತ್ತಿಲ್ಲ. ಅದು ಬೇಡ ಅನ್ನುತ್ತಿಲ್ಲ, ಹೋಗಬೇಡ ಅನ್ನುತ್ತಿಲ್ಲ. ಕುಳಿತವರು ಬೆಲ್ಟ್ ಹಾಕಿಲ್ಲ ಎನ್ನುತ್ತಿದೆ, ಅಷ್ಟೆ. ಹಾಕಿಕೊಳ್ಳಿ ಎಂದು ಅವರಿಗೆ ಹೇಳುವವರು ಬೇಕು. ನಮ್ಮ ಮನೆಯಲ್ಲಿ ಅವರಿಗೆ ಹಾಗೆ ಹೇಳುವ ಪದ್ಧತಿಯೇ ಇಲ್ಲ. ಆದರೂ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಹಿಂದೆ ತಿರುಗದೆ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿಯೇಬಿಟ್ಟೆ: "ಮಾವಾರ, ಗಾಡಿ ನಾ ಹೊಡ್ಯಾಕತ್ತೇನಿ. ಬೆಲ್ಟ್ ಹಾಕ್ಕೊಳ್ರಿ."

ಟಕ್.

ಟೀಂವ್ ನಿಂತಿತು. ಪರದೆಯ ಕೆಂಪು ಆರಿತು. ಎಷ್ಟೋ ಹೊತ್ತಿನ ಮೇಲೆ ಧೈರ್ಯ ಮಾಡಿ ತಿರುಗಿ ನೋಡಿದೆ. ಖಾಲಿ ಸೀಟಿನ ಅಡ್ಡಕ್ಕೆ ಬೆಲ್ಟ್ ಬಿಗಿದಿತ್ತು. ಅತ್ತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಆಚೆ ಕಿಟಕಿಯಿಂದ ಬಲೂನು ನೋಡುತ್ತಿದ್ದರು. "ನೀವ ಹಾಕಿದ್ರೇನ್ರಿ?" ಎಂದೆ. "ಏನವಾ?" ಎಂದರು. ನಾನು ಮತ್ತೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಹೌದು ಎಂದರೆ ನಾನು ಪೆದ್ದಿ. ಇಲ್ಲ ಎಂದರೆ ನಾನು ಆ ಕಾರಿನಲ್ಲಿ ಒಬ್ಬಳೇ ಕೂರುವುದು ಹೇಗೆ? ನಮ್ಮವರು ಕಬ್ಬಿನ ಹಾಲಿನ ಗ್ಲಾಸು ಹಿಡಿದು ಬರುವಷ್ಟರಲ್ಲಿ ನಾನು ನೀಲಿಯದನ್ನೇ ಬುಕ್ ಮಾಡಿದ್ದೆ.

ಕಾರು ಮನೆಗೆ ಬಂತು. ಪೂಜೆಯಾಯಿತು. ಮೊದಲ ದಿನವೇ ಹಿಂದಿನ ಎಡ ಬೆಲ್ಟನ್ನು ನಾನೇ ಬಿಗಿದುಬಿಟ್ಟೆ; ಸುಮ್ಮನೆ, ಸದ್ದಿನ ಕಿರಿಕಿರಿ ಬೇಡವೆಂದು. ದಿನಾ ಸುಳ್ಳಕ್ಕೆ ಹೋಗುತ್ತ ಹೋಗುತ್ತ ಕೈ ಪಳಗಿತು. ದಾರಿಯಲ್ಲಿ "ತಗ್ಗ ಐತ್ರಿ ಮಾವಾರ," "ಎಮ್ಮಿ ಅಡ್ಡ ಬಂದಾವ್ರಿ," ಎಂದು ಅನ್ನುವುದೂ ರೂಢಿಯಾಯಿತು. ಬಾಯಿ ಬಿಟ್ಟು ಮಾತಾಡಿದರೆ ಡ್ರೈವರಿಗೆ ನಿದ್ದೆ ಬರುವುದಿಲ್ಲ. ಇದಕ್ಕೂ ವೈಜ್ಞಾನಿಕ ಕಾರಣವಿದೆ. ಶಾಲೆಯ ಟೀಚರು ಯಾರಾದರೂ ಜೊತೆಗೆ ಬಂದರೆ ಹಿಂದೆ ಬಲಗಡೆಯೇ ಕೂರಿಸುತ್ತಿದ್ದೆ. ಅವರು ಕಾರಿನಿಂದ ಇಳಿದ ಮೇಲೆ ಕೈಯುಜ್ಜಿಕೊಂಡು, "ಗಾಡ್ಯಾಗ ಏಸಿ ಭಾಳ ಇಟ್ಟೀರಿ," ಎನ್ನುತ್ತಿದ್ದರು. ನಾನು ಏಸಿ ಹಚ್ಚುವುದೇ ಇಲ್ಲ.

ಮೊನ್ನೆ ಸುಳ್ಳದಿಂದ ಒಬ್ಬಳೇ ವಾಪಸು ಬರುತ್ತಿದ್ದೆ. ಮುಂದೆ ಮೇವು ತುಂಬಿದ ಒಂದು ಟ್ರ್ಯಾಕ್ಟರು ದಾರಿಯೇ ಕೊಡದೆ ಕುಲುಕುತ್ತ ಹೋಗುತ್ತಿತ್ತು. ನನಗೆ ಎಲ್ಲಿಯ ಉಮೇದು ಬಂತೋ, ತಿರುವಿನಲ್ಲೇ ಹಾರ್ನ್ ಹೊಡೆದು, ಎದುರಿನ ಲಾರಿ ಬರುವಷ್ಟರಲ್ಲಿ ಸರ್ರನೆ ನುಗ್ಗಿಸಿ ದಾಟಿಸಿಬಿಟ್ಟೆ. ನನ್ನ ಶೌರ್ಯಕ್ಕೆ ನಾನೇ ಮೆಚ್ಚಿ ನಗುತ್ತಿರುವಾಗ ಹಿಂದೆ ಟಕ್ ಎಂದಿತು. ಬೆಲ್ಟ್ ಬಿಚ್ಚಿದ ಸದ್ದು. ಆಮೇಲೆ ಟೀಂವ್, ಟೀಂವ್. ಕಾರನ್ನು ಎಡಕ್ಕೆ ತೆಗೆದು ನಿಲ್ಲಿಸಿದೆ. ಕೂಡಲೇ ಸದ್ದು ನಿಂತಿತು. ಹಿಂದಿನ ಸೀಟು ಖಾಲಿ, ಬೆಲ್ಟ್ ಮೂಲೆಗೆ ಸುರುಳಿ ಸುತ್ತಿಕೊಂಡಿತ್ತು. ಹೊರಗೆ ಎರಡೂ ಕಡೆ ಎರೆಹೊಲ, ಒಂದು ನರಪಿಳ್ಳೆಯೂ ಇಲ್ಲ. ಬಹಳ ಹೊತ್ತು ಕಾದೆ. ಹಿಂದಿನ ಬಾಗಿಲನ್ನೂ ತೆಗೆದು ನಿಂತೆ. ಟೀಂವ್ ಮತ್ತೆ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೂ ಕೇಳಿಲ್ಲ.

ಮನೆಗೆ ಬಂದು ಹೇಳಿದರೆ ನಮ್ಮವರು, "ಲಾಕ್ ಸರಿಯಾಗಿ ಕುಂತಿರಲಿಕ್ಕಿಲ್ಲ, ಗಾಡಿ ಜರ್ಕ್ ಹೊಡದಾಗ ಬಿಚ್ಚಿರಬೇಕು," ಎಂದರು. ಅದೇ ನಿಜ. ನಾನು ಮಕ್ಕಳಿಗೆ ಹೇಳಿದರೂ ಅದನ್ನೇ ಹೇಳುತ್ತೇನೆ. ಅತ್ತೆ ಮಾತ್ರ ಕಾಳು ಹಸನು ಮಾಡುತ್ತ, "ಅಷ್ಟ ಜೋರ ಹೊಡದ್ರ ಯಾರ ಕುಂದ್ರತಾರವಾ, ಇಳದಿರಬೇಕು," ಎಂದರು. ಅಲ್ಲಿ ಯಾರೂ ಇರಲೇ ಇಲ್ಲವೆಂದು ನನಗೆ ಖಚಿತವಾಗಿ ಗೊತ್ತು. ಇರದಿದ್ದವರು ನನ್ನ ಡ್ರೈವಿಂಗಿಗೆ ಬೇಸತ್ತು ಇಳಿದು ಹೋದರೆಂದು ಇಷ್ಟು ಬೇಜಾರು ಯಾಕೆ ಆಗುತ್ತದೆಯೋ ತಿಳಿಯದು. ಈಗ ಆ ತಿರುವು ಬಂತೆಂದರೆ ಎಡಗಡೆ ದೀಪ ಹಾಕಿ, ರಸ್ತೆಯ ಅಂಚಿಗೆ ಸರಿದು, ಯಾರಾದರೂ ಕೈ ಮಾಡಿದರೆ ಕಾಣಲಿ ಎಂದು ನಡೆದವರ ಹೆಜ್ಜೆಗೆ ಸಮನಾಗಿ ಕಾರು ಬಿಡುತ್ತೇನೆ. ಮೇವಿನ ಟ್ರ್ಯಾಕ್ಟರುಗಳೆಲ್ಲ ಹಾರ್ನ್ ಹೊಡೆದು ನನ್ನನ್ನು ದಾಟಿಕೊಂಡು ಹೋಗುತ್ತವೆ.