ನನ್ನ ಬ್ಲಾಗೂ ಹಾರೋಹಳ್ಳಿಯ ರಿಸಲ್ಟೂ

ಪುಸ್ತಕ ಓದುವವನಿಗೆ ಯಾರ ಜೊತೆಯೂ ಬೇಕಿಲ್ಲ ಎಂದು ತಿಳಿದವರು ಹೇಳುತ್ತಾರೆ. ಓದುವವರೆಗೆ ಸರಿ. ಓದಿ ಮುಗಿಸಿದ ಮೇಲೆ? ಎಲೆಅಡಿಕೆ ಹಾಕಿಕೊಂಡವನು ಬಾಯಿ ತುಂಬಿದ ಮೇಲೆ ಉಗಿಯಲು ಜಾಗ ಹುಡುಕುವ ಹಾಗೆ, ಓದಿದವನೂ ಹೇಳಿಕೊಳ್ಳಲು ಒಂದು ಕಿವಿ ಹುಡುಕುತ್ತಾನೆ. ಆ ಕಿವಿ ನನಗಿರಲಿಲ್ಲ. ಕನಕಪುರದಲ್ಲಿ ಬಿ.ಎ. ಓದುತ್ತ ನಾನು ಹಾರೋಹಳ್ಳಿಯ ಒಂದು ರೂಮಿನಲ್ಲಿದ್ದೆ. ಸೋದರಮಾವನ ಮಗ ಶಿವಣ್ಣ ಭಾವ, ಅವನ ಗೆಳೆಯನೊಬ್ಬ, ಇಬ್ಬರೂ ಫ್ಯಾಕ್ಟರಿ ಕೆಲಸದವರು. ಬೇರೆ ಬೇರೆ ಶಿಫ್ಟು. ಹಾಗಾಗಿ ರೂಮಿನಲ್ಲಿ ಯಾವ ಹೊತ್ತಿಗೂ ಒಬ್ಬ ಮಲಗಿರಲೇಬೇಕು. ಹಾಡುಹಗಲಲ್ಲೂ ಕಿಟಕಿಗೆ ಲುಂಗಿ ಕಟ್ಟಿರುತ್ತಿತ್ತು. ನಾನು ಪುಟ ತಿರುಗಿಸಿದರೆ ಸಾಕು, ಕಂಬಳಿಯೊಳಗಿಂದ ಭಾವನ ದನಿ ಬರುತ್ತಿತ್ತು: "ಏನ್ಲಾ ಅದು, ಹೆಗ್ಗಣ ಸೇರ್ಕಂಡಂಗೆ ಪರಪರ ಅಂತೀಯ? ಸುಮ್ಕಿರ್ಲಾ ಒಸಿ." ಇಬ್ಬರ ಜೊತೆಗಿದ್ದೂ ನಾನು ಎಚ್ಚರವಿದ್ದವರೊಡನೆ ಮಾತಾಡಿದ್ದೆಂದರೆ ಬಸ್ ಕಂಡಕ್ಟರನ ಜೊತೆ ಮಾತ್ರ.

ಇಂಥ ಹೊತ್ತಲ್ಲಿ ನಮ್ಮ ಕನ್ನಡ ಮೇಷ್ಟ್ರು ಎಲ್ಲರಿಗೂ ಒಂದು ಓದಿನ ಪ್ರಾಜೆಕ್ಟು ಕೊಟ್ಟರು. ಓದಿದ ಪುಸ್ತಕಗಳ ಬಗ್ಗೆ ಬ್ಲಾಗ್ ಬರೆಯಬೇಕು. "ಜಗತ್ತೇ ಓದುತ್ತದೆ ಕಣ್ರಪ್ಪಾ" ಎಂದರು. ಕ್ಲಾಸಿನವರು ಬೆನ್ನುಪುಟದಲ್ಲಿದ್ದದ್ದನ್ನು ಟೈಪು ಮಾಡಿ ಕೈತೊಳೆದುಕೊಂಡರು. ನಾನೊಬ್ಬ ಬೆಪ್ಪ, ಜಗತ್ತನ್ನು ನಂಬಿದೆ. ಹಾರೋಹಳ್ಳಿ ಬಸ್‌ಸ್ಟ್ಯಾಂಡಿನ ಪಕ್ಕದ ಸಲೀಂ ಭಾಯಿಯ ಸೈಬರ್ ಸೆಂಟರಿನಲ್ಲಿ ಕೂತು, ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಹುಡುಕಿ ಬರೆದೆ. ಪುಟದ ಕೆಳಗೆ, ಎಷ್ಟು ಜನ ನೋಡಿದರೆಂದು ತೋರಿಸುವ ಮೀಟರೊಂದಿತ್ತು. ನಾನು ತೆರೆದರೆ ಓಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕೊನೆಗೆ ನಾನೇ ಎರಡೆರಡು ಸಲ ತೆರೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬರೆದದ್ದನ್ನು ಒಬ್ಬೇ ಒಬ್ಬ ಓದಿ, "ನೀನು ಹೇಳಿದ್ದು ಶುದ್ಧ ಸುಳ್ಳು" ಅಂದಿದ್ದರೂ ನಾನು ಅವನ ಕಾಲಿಗೆ ಬೀಳುತ್ತಿದ್ದೆ.

ಹೀಗಿರುವಾಗ ಇದ್ದಕ್ಕಿದ್ದಂತೆ ಮೀಟರು ಬೆಂಗಳೂರಿನ ಆಟೋದ ಹಾಗೆ ಓಡತೊಡಗಿತು. ಅಯ್ಯೋ, ಆಗಿನ ನನ್ನ ಗತ್ತು ನೀವು ನೋಡಬೇಕಿತ್ತು! ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಡೆಯತೊಡಗಿದೆ. "ಪ್ರಿಯ ಓದುಗರೇ" ಎಂದು ಶುರುಮಾಡಿ, "ಕೆಲವರು ಒಪ್ಪದಿರಬಹುದು" ಎಂದು ಇಲ್ಲದ ಕೆಲವರ ಜೊತೆ ಜಗಳವನ್ನೂ ಆಡಿದೆ. ಆಮೇಲೆ ಒಂದು ದಿನ ಮೊದಲ ಕಮೆಂಟು ಬಂತು. ಕುರ್ಚಿ ಮುಂದಕ್ಕೆಳೆದುಕೊಂಡೆ. ತೆರೆದು ನೋಡಿದರೆ ಉದ್ದದ್ದೊಂದು ನಂಬರು, ಅದರ ಕೆಳಗೆ "ಬೇಗ ನೋಡಿ ಹೇಳಿ ಸಾರ್". ಇದು ಯಾವುದೋ ನವೀನ ವಿಮರ್ಶೆ ಇರಬೇಕೆಂದು ಸುಮಾರು ಹೊತ್ತು ಯೋಚಿಸಿದೆ.

ಸಲೀಂ ಭಾಯಿಯನ್ನು ಕರೆದು ತೋರಿಸಿದರೆ ಅವರು ನಕ್ಕುಬಿಟ್ಟರು. "ಐಟಿಐ ರಿಸಲ್ಟ್ ನಂಬರ್ ಸಾರ್ ಅದು. ನೀವು ದಿನಾ ಬಂದು ಮೀಟರ್ ನೋಡ್ಕೊಂಡು ಮುಖ ಸಣ್ಣಗೆ ಮಾಡ್ಕೊಂಡು ಹೋಗ್ತಿದ್ರಿ. ನಂಗೆ ನೋಡಕ್ಕಾಗ್ಲಿಲ್ಲ. ಅದಕ್ಕೇ ಎಲ್ಲಾ ಸಿಸ್ಟಮ್ಮಲ್ಲೂ ಇಂಟರ್ನೆಟ್ ಒತ್ತಿದ್ರೆ ನಿಮ್ದೇ ಮೊದ್ಲು ಬರೋ ಹಂಗೆ ಹಾಕ್ಬುಟ್ಟೆ." ರಿಸಲ್ಟು ನೋಡಲು ಬಂದ ಯಾವನೋ ನನ್ನ ಪುಟವೇ ಸರ್ಕಾರದ್ದೆಂದುಕೊಂಡು, ನಂಬರು ತುಂಬಲು ಖಾಲಿ ಜಾಗ ಹುಡುಕಿದ್ದಾನೆ. ಕಮೆಂಟಿನ ಡಬ್ಬ ಸಿಕ್ಕಿದೆ. ನನ್ನ ಜಗತ್ತೆಂದರೆ ಆ ಸೈಬರಿನ ಗಿರಾಕಿಗಳು. ಅವರೂ ನನ್ನನ್ನು ಮುಚ್ಚಿ ಮುಂದೆ ಹೋಗುತ್ತಿದ್ದವರು. ನಾನು ಮೀಟರಿಗೆ ಅಂಗೈ ಅಡ್ಡ ಹಿಡಿದೆ. "ಬೇಜಾರಾಯ್ತಾ? ತೆಗೆದುಬಿಡ್ಲಾ?" ಎಂದರು ಭಾಯಿ. ಬೇಡ ಅಂದೆ.

ಸರ್ಕಾರದ ಪುಟ ತೆರೆದು ಆ ನಂಬರಿನ ರಿಸಲ್ಟು ನೋಡಿದೆ. "ಪಾಸಾಗಿದ್ದೀರಿ, ಅಭಿನಂದನೆ" ಎಂದು ಬರೆದೆ. ಕೈ ಸುಮ್ಮನಿರಲಿಲ್ಲ: "ಮೇಲಿನ ಪುಸ್ತಕದ ಬಗ್ಗೆ ತಮ್ಮ ಅಭಿಪ್ರಾಯವೇನು?" ಉತ್ತರ ಬಂತು! "ತುಂಬಾ ಥ್ಯಾಂಕ್ಸ್ ಸಾರ್. ನಮ್ಮ ತಮ್ಮನ್ದೂ ಒಸಿ ನೋಡಿ." ತಮ್ಮನದನ್ನೂ ನೋಡಿದೆ. ಆಮೇಲೆ ತಮ್ಮನ ಗೆಳೆಯರು, ಗೆಳೆಯರ ಅಕ್ಕಂದಿರು. ಎಲ್ಲರೂ "ಸಾರ್ ಊಟ ಆಯ್ತಾ" ಎಂದು ಕೇಳುತ್ತಿದ್ದರು. ಪುಸ್ತಕದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಒಂದು ಭಾನುವಾರ ಶಿವಣ್ಣ ಭಾವ ಅಪರೂಪಕ್ಕೆ ಎಚ್ಚರವಾಗಿದ್ದ. "ಲೇ, ಸೈಬರ್‌ನಾಗೆ ಯಾವನೋ ಪುಣ್ಯಾತ್ಮ ಕುಂತವ್ನಂತೆ ಕಣ್ಲಾ. ನಂಬರ್ ಹಾಕುದ್ರೆ ರಿಸಲ್ಟ್ ಹೇಳ್ತಾನಂತೆ. ಬಾಳ ಒಳ್ಳೆ ಮನುಷ್ಯನಂತೆ. ಮ್ಯಾಲೆ ಏನೇನೋ ಬರ್ದಿರ್ತಾನಂತೆ, ಅದ ಓದ್ಬೇಕಾಗಿಲ್ವಂತೆ" ಎಂದ. ಅದು ನಾನೇ ಭಾವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮುಸುಕೆಳೆದು ಗೊರಕೆ ಹೊಡೆಯುತ್ತಿದ್ದ.

ರಿಸಲ್ಟಿನ ಕಾಲ ಮುಗಿಯುತ್ತ ಬಂದಂತೆ ಕಮೆಂಟುಗಳೂ ನಿಂತವು. ಮೀಟರು ಓಡುತ್ತಲೇ ಇತ್ತು, ಮಾತಾಡುವವರಿಲ್ಲ. ಮಕ್ಕಳು ಓದಿ ಮುಂದೆ ಬರಲಿ ಎಂದು ಹಾರೈಸಬೇಕಾದ ಪುಣ್ಯಾತ್ಮನಾದ ನಾನು ಆಗ ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಕೇಳಿಕೊಂಡದ್ದನ್ನು ನಿಮಗೆ ಮಾತ್ರ ಹೇಳುತ್ತೇನೆ: ಸ್ವಾಮೀ, ಒಬ್ಬಿಬ್ಬರಾದರೂ ಫೇಲಾಗಿರಲಿ, ಸಪ್ಲಿಮೆಂಟರಿ ಕಟ್ಟಲಿ.